ಬಲವ್ಯಸನ ಮತ್ತು ಕಾಲ್ಚೆಂಡಿನಾಟ
(ಬೆಂಗಳೂರಿನ ಒಂದು ತಂಡದ ಏಳುಬೀಳುಗಳಿಂದ ಶಾಲೆಗಳು ಕಲಿಯಬಹುದಾದ ಪಾಠ)

ಪೀಠಿಕೆ

ಅಕ್ಕೂರಿನಂತಹ ಗ್ರಾಮಗಳಲ್ಲಿ ಶಾಲೆಯ ಬಯಲು ಕಬಡ್ಡಿ, ಖೋಖೋ, ವಾಲಿಬಾಲುಗಳಿಗೆ ಮೀಸಲೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆದರೆ ರಾಜಧಾನಿಯ ನೆರಳಿನಲ್ಲಿರುವ ಚನ್ನಪಟ್ಟಣ, ರಾಮನಗರಗಳ ಸೀಮೆಗೆ ಕಾಲ್ಚೆಂಡಿನಾಟವು ಅಪರಿಚಿತವಲ್ಲ. ಬೆಂಗಳೂರು ಈ ಆಟದ ಹಳೆಯ ತವರುಗಳಲ್ಲಿ ಒಂದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂದಿನ ಮೈಸೂರು ರಾಜ್ಯವು ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. 54 ವರ್ಷಗಳ ದೀರ್ಘ ವಿರಾಮದ ತರುವಾಯ 2023ರ ಮಾರ್ಚ್ 4ರಂದು ಕರ್ನಾಟಕವು ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಅದನ್ನು ಮತ್ತೆ ಪಡೆಯಿತು.

ಇಂತಹ ನೆಲದಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಎಂಬ ತಂಡವು ಒಂದು ದಶಕಕ್ಕೂ ಮಿಕ್ಕಿದ ಅವಧಿಯಲ್ಲಿ ಕಂಡ ಏಳುಬೀಳುಗಳು ವಿಚಾರಶೀಲರಿಗೆ ಒಂದು ಪಠ್ಯದಂತಿವೆ. ಒಂದು ವರ್ಷ ಅಗ್ರಸ್ಥಾನ, ಮತ್ತೊಂದು ವರ್ಷ ಹತ್ತನೆಯ ಸ್ಥಾನ. ಅದರ ಮರುವರ್ಷವೇ ಮತ್ತೆ ಅಂತಿಮ ಪಂದ್ಯ. ಇದಕ್ಕೆಲ್ಲ ಅದೃಷ್ಟವೇ ಕಾರಣವೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾರ್ಯಕಾರಣ ಸಂಬಂಧವನ್ನು ಅರಸುವವನು ಎರಡು ಮೂಲಗಳಿಗೆ ಬಂದು ನಿಲ್ಲುತ್ತಾನೆ. ಒಂದು, ಆಟಗಾರರ ದೇಹಕ್ಕೆ ಒದಗುವ ಗಾಯ. ಎರಡು, ಆ ಗಾಯವನ್ನು ಮುಂಗಂಡು ಮಾಡಿದ ಅಥವಾ ಮಾಡದೆ ಬಿಟ್ಟ ಬಲಯೋಜನೆ.

ಈ ವಿಷಯದ ವಿವೇಚನೆಗೆ ಹೊರನಾಡಿನ ಗ್ರಂಥಗಳೇ ಬೇಕೆಂದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ 'ಬಲವ್ಯಸನ' ಎಂಬ ಪ್ರಕರಣವಿದೆ. ವ್ಯಸನವೆಂದರೆ ಇಲ್ಲಿ ದುಶ್ಚಟವಲ್ಲ, ಕೇಡು. ಸೈನ್ಯಕ್ಕೆ ಯಾವ ಯಾವ ಕೇಡುಗಳು ಒದಗುತ್ತವೆ, ಅವುಗಳಲ್ಲಿ ಯಾವುದು ಪರಿಹಾರಯೋಗ್ಯ, ಯಾವುದು ಅಲ್ಲ ಎಂಬುದನ್ನು ಕೌಟಿಲ್ಯನು ಜೋಡಿ ಜೋಡಿಯಾಗಿ ತೂಗಿ ನೋಡುತ್ತಾನೆ. ಮನ್ನಣೆ ದೊರೆಯದ ಬಲ, ಅವಮಾನಿತವಾದ ಬಲ, ವೇತನವಿಲ್ಲದ ಬಲ, ರೋಗಗ್ರಸ್ತ ಬಲ, ಹೊಸತಾಗಿ ಬಂದ ಬಲ, ದೂರದಿಂದ ಬಂದ ಬಲ, ದಣಿದ ಬಲ, ಸವೆದ ಬಲ ಎಂಬ ಎಂಟು ಆ ಪಟ್ಟಿಯ ಮೊದಲಲ್ಲಿ ಬರುತ್ತವೆ. ಯುದ್ಧಕ್ಕೂ ಆಟಕ್ಕೂ ಅಜಗಜಾಂತರವಿದೆ, ನಿಜ. ಆದರೂ ಮನುಷ್ಯದೇಹಗಳ ಸಮೂಹವೊಂದನ್ನು ಒಂದು ಗುರಿಯತ್ತ ನಡೆಸುವ ಕಷ್ಟವು ಎರಡರಲ್ಲಿಯೂ ಒಂದೇ.

ಬಲದ ಘಟಕಗಳು

ಕಾಲ್ಚೆಂಡಿನ ಕಣಕ್ಕೆ ಇಳಿಯುವವರು ಹನ್ನೊಂದು ಮಂದಿ. ಆದರೆ ಒಂದು ಋತುವನ್ನು ಹನ್ನೊಂದು ಮಂದಿಯಿಂದ ನಡೆಸಲಾಗದು. ವೃತ್ತಿಪರ ತಂಡವೊಂದು ಸಾಮಾನ್ಯವಾಗಿ ಇಪ್ಪತ್ತೈದರಿಂದ ಮೂವತ್ತು ಆಟಗಾರರನ್ನು ಇಟ್ಟುಕೊಳ್ಳುತ್ತದೆ. ಕೌಟಿಲ್ಯನು ಹೇಳುವ ಆರು ವಿಧದ ಬಲಗಳಲ್ಲಿ ಮೂರನ್ನು ಇಲ್ಲಿಯೂ ಗುರುತಿಸಬಹುದು. ವಂಶಾನುಗತವಾಗಿ ಬಂದದ್ದು ಮೌಲಬಲ. ತಂಡದ ತರಬೇತಿ ಶಾಲೆಯಲ್ಲಿಯೇ ಬೆಳೆದವರು ಹಾಗೂ ಬಹುಕಾಲ ತಂಡದಲ್ಲಿಯೇ ನೆಲೆನಿಂತವರು ಇದಕ್ಕೆ ಸಮಾನರು. ವೇತನಕ್ಕಾಗಿ ಬಂದದ್ದು ಭೃತಬಲ. ಹೊರದೇಶಗಳಿಂದ ಕರಾರಿನ ಮೇಲೆ ಬರುವ ಆಟಗಾರರು ಇದಕ್ಕೆ ಸಮಾನರು. ಸ್ನೇಹಿತ ರಾಜನಿಂದ ಎರವಾಗಿ ಬಂದದ್ದು ಮಿತ್ರಬಲ. ಬೇರೊಂದು ತಂಡದಿಂದ ಒಂದು ಋತುವಿನ ಮಟ್ಟಿಗೆ ಬರುವ ಎರವಲು ಆಟಗಾರನೇ ಇದರ ಪ್ರತಿರೂಪ.

ಈ ಮೂರರ ಪ್ರಮಾಣವನ್ನು ನಿರ್ಣಯಿಸುವುದೇ ಬಲಯೋಜನೆಯ ಮೊದಲ ಹೆಜ್ಜೆ. ಇಂಡಿಯನ್ ಸೂಪರ್ ಲೀಗಿನಲ್ಲಿ 2021-22ರ ಋತುವಿನಿಂದ ಏಕಕಾಲಕ್ಕೆ ಕಣದಲ್ಲಿರಬಹುದಾದ ವಿದೇಶೀ ಆಟಗಾರರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಲಾಯಿತು. ನಾಲ್ವರಲ್ಲಿ ಒಬ್ಬನು ಗಾಯಗೊಂಡರೆ ಭೃತಬಲದ ಕಾಲುಭಾಗವೇ ಕುಂದಿದಂತಾಯಿತು. ಆಟಗಾರರನ್ನು ನೋಂದಾಯಿಸಿಕೊಳ್ಳಲು ನಿಗದಿಯಾದ ಅವಧಿಗಳು ವರ್ಷಕ್ಕೆ ಎರಡೇ. ನಡುವೆ ಒಬ್ಬನು ಬಿದ್ದರೆ ಹೊರಗಿನಿಂದ ಮತ್ತೊಬ್ಬನನ್ನು ತರುವುದು ಎಲ್ಲ ವೇಳೆಯಲ್ಲಿಯೂ ಸಾಧ್ಯವಿಲ್ಲ. ಆದುದರಿಂದ ಮಳೆ ಬರುವ ಮುನ್ನವೇ ಮಾಡು ಹೊದಿಸಬೇಕು.

ಬರಿಯ ಸಂಖ್ಯೆಯೂ ಸಾಲದು. ಕುರುಕ್ಷೇತ್ರದಲ್ಲಿ ಕೌರವರದು ಹನ್ನೊಂದು ಅಕ್ಷೋಹಿಣಿ, ಪಾಂಡವರದು ಏಳು. ಗೆದ್ದವರು ಯಾರೆಂಬುದು ಸರ್ವವಿದಿತ. ಒಂದೇ ಸ್ಥಾನಕ್ಕೆ ಐವರನ್ನು ಸೇರಿಸಿ, ಮತ್ತೊಂದು ಸ್ಥಾನಕ್ಕೆ ಒಬ್ಬನನ್ನೇ ನಂಬಿದ ತಂಡವು ನೋಡಲು ದೊಡ್ಡದಾಗಿ ಕಂಡರೂ ಒಳಗೆ ಟೊಳ್ಳು.

ವ್ಯಾಧಿತ ಬಲ

ವೇತನವಿಲ್ಲದ ಬಲ, ರೋಗಗ್ರಸ್ತ ಬಲ ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂಬ ಪ್ರಶ್ನೆಗೆ ಕೌಟಿಲ್ಯನ ಉತ್ತರ ಸ್ಪಷ್ಟವಾಗಿದೆ. ವೇತನವಿಲ್ಲದವನಿಗೆ ಆ ಗಳಿಗೆಯಲ್ಲಿ ವೇತನ ಕೊಟ್ಟರೆ ಅವನು ಹೋರಾಡಿಯಾನು, ರೋಗಿಯು ಹೋರಾಡಲಾರ. ಹಣದಿಂದ ತತ್‌ಕ್ಷಣ ಕೊಳ್ಳಲಾಗದ ವಸ್ತು ಆರೋಗ್ಯವೊಂದೇ ಎಂಬುದು ಇದರ ತಾತ್ಪರ್ಯ.

ಯೂರೋಪಿನ ಪ್ರಮುಖ ತಂಡಗಳನ್ನು 2001ರಿಂದ ಸತತವಾಗಿ ಗಮನಿಸಿದ ವೈದ್ಯಕೀಯ ಅಧ್ಯಯನವೊಂದರ ಪ್ರಕಾರ, ಇಪ್ಪತ್ತೈದು ಆಟಗಾರರ ಒಂದು ತಂಡದಲ್ಲಿ ಒಂದು ಋತುವಿಗೆ ಸುಮಾರು ಐವತ್ತು ಗಾಯಗಳನ್ನು ನಿರೀಕ್ಷಿಸಬೇಕು. ಎಂದರೆ ತಲೆಗೆ ಎರಡು. ಗಾಯವು ಆಕಸ್ಮಿಕವೆಂದು ತೋರಿದರೂ, ಒಟ್ಟಾರೆ ಲೆಕ್ಕದಲ್ಲಿ ಅದು ಮುಂಗಾರಿನ ಮಳೆಯಂತೆ ಬಂದೇ ಬರುವಂತಹುದು. ಯಾರ ಹೊಲದಲ್ಲಿ, ಯಾವ ದಿನ ಎಂಬುದೊಂದೇ ಅನಿಶ್ಚಿತ. ಇದೇ ಅಧ್ಯಯನದ ಹನ್ನೊಂದು ವರ್ಷಗಳ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧವು, ಗಾಯಗಳು ಕಡಮೆಯಾದ ವರ್ಷಗಳಲ್ಲಿ ತಂಡಗಳು ಲೀಗಿನಲ್ಲಿ ಮೇಲಿನ ಸ್ಥಾನ ಪಡೆಯುವುದೆಂಬುದನ್ನು ತೋರಿಸಿಕೊಟ್ಟಿತು.

ಗಾಯಗಳಲ್ಲಿ ತೊಡೆಯ ಹಿಂಬದಿಯ ಸ್ನಾಯುವಿನ ಸೆಳೆತವು ಅತಿ ಸಾಮಾನ್ಯ. ಆಟಗಾರರು ಇದನ್ನು ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುತ್ತಾರೆ. ವೇಗವಾಗಿ ಓಡುವಾಗ ಒಮ್ಮೆಗೇ ಹಿಡಿಯುವ ಈ ನೋವು ಕೆಲವು ವಾರಗಳಲ್ಲಿ ಮಾಯುತ್ತದೆ. ಆದರೆ ಪೂರ್ಣ ಮಾಯುವ ಮುನ್ನ ಓಡಿದರೆ ಮರುಕಳಿಸುತ್ತದೆ. ಇದಕ್ಕಿಂತ ಭೀಕರವಾದದ್ದು ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವುದು. ಶಸ್ತ್ರಚಿಕಿತ್ಸೆಯಾದರೂ ಕಣಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ.

ಒಂದು ಮೊಣಕಾಲು ಒಂದು ಋತುವನ್ನು ಹೇಗೆ ತಿರುಗಿಸಬಲ್ಲುದೆಂಬುದಕ್ಕೆ ನೆರೆಯ ಕೇರಳವೇ ಸಾಕ್ಷಿ. 2023-24ರಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವು ಮೊದಲ 12 ಪಂದ್ಯಗಳಲ್ಲಿ 26 ಅಂಕ ಗಳಿಸಿ ಡಿಸೆಂಬರ್ ಕೊನೆಗೆ ಅಗ್ರಸ್ಥಾನದಲ್ಲಿತ್ತು. ಅದೇ ತಿಂಗಳಲ್ಲಿ ನಾಯಕ ಅಡ್ರಿಯನ್ ಲೂನಾ ಮೊಣಕಾಲಿನ ಗಾಯದಿಂದ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಳಿಕ ಇನ್ನೂ ಕೆಲವರು ಗಾಯಗೊಂಡರು. ಉಳಿದ 10 ಪಂದ್ಯಗಳಲ್ಲಿ ತಂಡಕ್ಕೆ ದೊರೆತದ್ದು ಕೇವಲ 7 ಅಂಕ. ಋತುವಿನ ಕೊನೆಗೆ ಐದನೆಯ ಸ್ಥಾನ. ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಕಥೆಯೂ ಇದೇ. 2019-20ರಲ್ಲಿ 99 ಅಂಕಗಳೊಡನೆ ಪ್ರಶಸ್ತಿ ಗೆದ್ದ ಆ ತಂಡವು, 2020ರ ಅಕ್ಟೋಬರ್ 17ರಂದು ರಕ್ಷಣೆಯ ಸ್ತಂಭವಾಗಿದ್ದ ವಾನ್ ಡೈಕ್ ಮೊಣಕಾಲಿಗೆ ಪೆಟ್ಟು ತಿಂದ ಮೇಲೆ, ಅದೇ ಸ್ಥಾನದ ಇನ್ನಿಬ್ಬರನ್ನೂ ಕಳೆದುಕೊಂಡು, 69 ಅಂಕಗಳಿಗೆ ಇಳಿಯಿತು. ಇದಕ್ಕೆ ಪ್ರತಿಯಾಗಿ 2015-16ರಲ್ಲಿ ಯಾರೂ ಎಣಿಸದಿದ್ದ ಲೆಸ್ಟರ್ ತಂಡವು ಪ್ರಶಸ್ತಿ ಗೆದ್ದಾಗ, ಅದು ಇಡೀ ಋತುವಿನಲ್ಲಿ ಬಳಸಿದ ಆಟಗಾರರು 23 ಮಂದಿ ಮಾತ್ರ. ಗಾಯಗಳು ವಿರಳವಾದುದು ಆ ಜಯದ ಹಿಂದಿನ ಮೌನಕಾರಣಗಳಲ್ಲಿ ಒಂದು.

ಬೆಂಗಳೂರಿನ ತಂಡವು ಇಂತಹ ಕೇಡನ್ನು ತಾಳಿಕೊಂಡ ನಿದರ್ಶನವೂ ಇದೆ. 2017-18ರಲ್ಲಿ ವೆನೆಜುವೆಲಾದ ಮೀಕು 15 ಗೋಲುಗಳನ್ನೂ ನಾಯಕ ಸುನಿಲ್ ಛೇತ್ರಿ 14 ಗೋಲುಗಳನ್ನೂ ಹೊಡೆದಿದ್ದರು. ಮರುವರ್ಷ ಕಾರ್ಲೆಸ್ ಕ್ವಾದ್ರಾತ್ ತರಬೇತುದಾರರಾಗಿದ್ದಾಗ, ಋತುವಿನ ನಡುವೆ ಮೀಕು ಮೊಣಕಾಲಿನ ಗಾಯದಿಂದ ಹಲವು ವಾರ ಹೊರಗುಳಿಯಬೇಕಾಯಿತು. ಗೋಲುಗಳ ಅರ್ಧಭಾರ ಹೊತ್ತವನೇ ಇಲ್ಲವಾದರೂ ತಂಡವು ಕುಸಿಯಲಿಲ್ಲ. ಮೊದಲ 11 ಪಂದ್ಯಗಳಲ್ಲಿ ಅದು ಸೋಲನ್ನೇ ಕಾಣಲಿಲ್ಲ. ಭಾರವನ್ನು ಹಲವರು ಹಂಚಿಕೊಂಡರು, ರಕ್ಷಣೆ ಬಿಗಿಯಾಯಿತು, ಕಾರ್ನರಿನಿಂದ ಬರುವ ಚೆಂಡನ್ನು ಗೋಲಾಗಿಸುವ ಅಭ್ಯಾಸಕ್ಕೆ ವಿಶೇಷ ಗಮನ ದೊರೆಯಿತು. ಮೀಕು ಮರಳಿದ ಮೇಲೆ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾದ ವಿರುದ್ಧ ನಡೆದ ಅಂತಿಮ ಪಂದ್ಯವನ್ನು ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ಗೆಲ್ಲಿಸಿಕೊಟ್ಟದ್ದು ರಕ್ಷಣೆಯ ಆಟಗಾರ ರಾಹುಲ್ ಭೇಕೆ. ದಿಮಾಸ್ ದೆಲ್ಗಾದೋ ಹೊಡೆದ ಕಾರ್ನರಿಗೆ ಅವರು ತಲೆಯೊಡ್ಡಿದರು.

ಆ ವರ್ಷದ ಉಪಾಂತ್ಯದಲ್ಲಿ ಎದುರಾಳಿ ನಾರ್ತ್‌ಈಸ್ಟ್ ಯುನೈಟೆಡ್ ಮೊದಲ ಪಂದ್ಯವನ್ನು 2-1ರಿಂದ ಗೆದ್ದಿತ್ತು. ಆದರೆ ಅದರ ಮುಂಪಡೆಯ ಒಗ್ಬೆಚೆ ಗಾಯಗೊಂಡು ಬೆಂಗಳೂರಿನ ಎರಡನೆಯ ಪಂದ್ಯಕ್ಕೆ ಇಳಿಯಲಾಗಲಿಲ್ಲ. ಆ ಪಂದ್ಯದಲ್ಲಿಯೇ ಗಾಯೆಗೊ ಎಂಬ ಮತ್ತೊಬ್ಬ ಆಟಗಾರ ಕಾಲಿಗೆ ತೀವ್ರ ಪೆಟ್ಟು ತಿಂದರು. ಬೆಂಗಳೂರು 3-0ಯಿಂದ ಗೆದ್ದಿತು. ಒಬ್ಬರ ಜಯೋತ್ಸವದ ಹಿಂದೆ ಇನ್ನೊಬ್ಬರ ನೋವು ಅಡಗಿರಬಹುದೆಂಬುದನ್ನು ಗೆದ್ದವರು ಮರೆಯಬಾರದು.

ದೂರಾಯಾತ ಮತ್ತು ಪರಿಶ್ರಾಂತ

ದಣಿದ ಬಲವು ಸ್ನಾನ, ಭೋಜನ, ನಿದ್ರೆಗಳಿಂದ ಚೇತರಿಸಿಕೊಂಡು ಹೋರಾಡಬಲ್ಲುದು. ಆದರೆ ಆಳುಗಳನ್ನೂ ವಾಹನಗಳನ್ನೂ ಕಳೆದುಕೊಂಡು ಸವೆದ ಬಲವು ಹೋರಾಡಲಾರದೆಂದು ಕೌಟಿಲ್ಯನ ಮತ. ದಣಿವನ್ನು ಅಲಕ್ಷಿಸಿದರೆ ಅದೇ ಸವೆತವಾಗಿ ಪರಿಣಮಿಸುತ್ತದೆಂಬುದು ಇಂದಿನ ಕ್ರೀಡಾವೈದ್ಯರ ಅನುಭವ.

ಬೆಂಗಳೂರು ಎಫ್.ಸಿ.ಯು ಏಷ್ಯಾದ ಪಂದ್ಯಾವಳಿಗಳಲ್ಲಿ ಆಡತೊಡಗಿದ ಮೇಲೆ ಪ್ರಯಾಣದ ಶ್ರಮವೇ ಒಂದು ಎದುರಾಳಿಯಾಯಿತು. 2017ರ ಸೆಪ್ಟೆಂಬರಿನಲ್ಲಿ ತಂಡವು ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ಗೆ ಹೋದಾಗ ಸಾಮಾನು ಸಕಾಲಕ್ಕೆ ತಲುಪದೆ, ಆಟಗಾರರು ಅಲ್ಲಿಯೇ ಬೂಟುಗಳನ್ನು ಕೊಳ್ಳಬೇಕಾಯಿತು. ಹೊಸ ಬೂಟು ಕಚ್ಚುವುದೆಂಬುದನ್ನು ಹಳ್ಳಿಯ ಹುಡುಗನೂ ಬಲ್ಲ. ಅಂತಹ ಸ್ಥಿತಿಯಲ್ಲಿಯೂ ತಂಡವು ಪಂದ್ಯವನ್ನು ಗೋಲಿಲ್ಲದೆ ಸಮಮಾಡಿಕೊಂಡಿತು. ತವರಿನಲ್ಲಿ ಮೊದಲೇ ಗಳಿಸಿದ್ದ 3-0 ಜಯವು ಅದನ್ನು ಮುಂದಿನ ಸುತ್ತಿಗೆ ದಾಟಿಸಿತು.

ರೇಷ್ಮೆ ಸಾಕುವ ಈ ಸೀಮೆಯ ರೈತನಿಗೆ ವಿಶ್ರಾಂತಿಯ ತತ್ತ್ವವನ್ನು ಬೋಧಿಸಬೇಕಾಗಿಲ್ಲ. ಹುಳು ಜ್ವರಕ್ಕೆ ಕೂತಾಗ ಆತನು ಸೊಪ್ಪು ಹಾಕುವುದಿಲ್ಲ, ಹುಳುವನ್ನು ಅಲುಗಿಸುವುದಿಲ್ಲ. ಕೆಲವು ಹುಳು ಮೊದಲೇ ಎದ್ದವೆಂದು ಅವಸರಪಟ್ಟು ಮೇವು ಕೊಟ್ಟರೆ ಇಡೀ ಬೆಳೆಯೇ ಏರುಪೇರಾಗುತ್ತದೆ. ಪೊರೆ ಕಳಚಿ ಎಲ್ಲವೂ ಎದ್ದ ಮೇಲೆಯೇ ಸೊಪ್ಪು. ಗಾಯದಿಂದ ಏಳುತ್ತಿರುವ ಆಟಗಾರನೂ ಜ್ವರಕ್ಕೆ ಕೂತ ಹುಳುವಿನಂತೆಯೇ. ಒಂದು ವಾರದ ಅವಸರಕ್ಕೆ ಒಂದು ಋತುವನ್ನು ತೆರಬೇಕಾದೀತು.

ನವಾಗತ ಬಲ

ಹೊಸತಾಗಿ ಬಂದ ಬಲವು ಸ್ಥಳದ ಪರಿಚಯವನ್ನು ಅನ್ಯರಿಂದ ಪಡೆದು ಹೋರಾಡಬಲ್ಲುದೆಂದು ಕೌಟಿಲ್ಯನು ಹೇಳುತ್ತಾನೆ. ಆ ಪರಿಚಯವನ್ನು ಮಾಡಿಕೊಡಲು ಹಳಬರು ಉಳಿದಿರಬೇಕಷ್ಟೆ.

2019-20ರಲ್ಲಿ ಪ್ರಶಸ್ತಿವಿಜೇತ ತಂಡದಿಂದ ಮೀಕು ಮತ್ತು ಕ್ಸಿಸ್ಕೊ ಹೊರನಡೆದರು. ಅವರ ಸ್ಥಾನವನ್ನು ತುಂಬಲು ಬಂದವರಲ್ಲಿ ಒಬ್ಬರಾದ ಒನ್ವು ಗಾಯದ ಕಾಟದಿಂದ ನೆಲೆಯೂರಲಿಲ್ಲ. ನಡುಋತುವಿನಲ್ಲಿ ಒಡಿಶಾ ತಂಡಕ್ಕೆ ಹೋಗಿ ಅಲ್ಲಿ 7 ಗೋಲು ಹೊಡೆದರು. ಬೆಂಗಳೂರು 18 ಪಂದ್ಯಗಳಲ್ಲಿ 13 ಗೋಲುಗಳನ್ನಷ್ಟೇ ಬಿಟ್ಟುಕೊಟ್ಟು ಬಲವಾದ ರಕ್ಷಣೆಯನ್ನು ಮೆರೆದರೂ, ತಾನು ಹೊಡೆದ ಗೋಲುಗಳು 22 ಮಾತ್ರ. ಅವುಗಳಲ್ಲಿ 9 ಛೇತ್ರಿಯೊಬ್ಬರವೇ. ಮೂರನೆಯ ಸ್ಥಾನ ಪಡೆದು ಉಪಾಂತ್ಯದಲ್ಲಿ ಎ.ಟಿ.ಕೆ.ಗೆ ಸೋತಿತು. ಒಂದು ಕಂಬವನ್ನೇ ನಂಬಿದ ಚಪ್ಪರದ ಸ್ಥಿತಿ ಅದು.

2023-24ರ ಕುಸಿತವಂತೂ ಗಾಯಕ್ಕಿಂತ ಯೋಜನೆಯ ಪಾಠ. ಹಿಂದಿನ ಋತುವಿನಲ್ಲಿ ಡ್ಯೂರಾಂಡ್ ಕಪ್ಪನ್ನು ಗೆದ್ದು, ಲೀಗಿನಲ್ಲಿ ಸತತ ಎಂಟು ಜಯಗಳನ್ನು ಗಳಿಸಿ ಅಂತಿಮ ಪಂದ್ಯ ತಲುಪಿದ್ದ ತಂಡದಿಂದ ರಾಯ್ ಕೃಷ್ಣ, ಸಂದೇಶ್ ಝಿಂಗನ್, ಉದಾಂತ ಸಿಂಗ್, ಅಲನ್ ಕೋಸ್ತಾ, ಬ್ರೂನೊ ರಮಿರೆಸ್ ಮೊದಲಾದವರು ಒಟ್ಟಿಗೆ ಹೊರಟರು. ಬೆನ್ನೆಲುಬೇ ಬದಲಾದ ದೇಹವು ನೆಟ್ಟಗೆ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಸ್ಥಾನ ತೆರವುಮಾಡಬೇಕಾಯಿತು. 22 ಪಂದ್ಯಗಳಿಂದ 22 ಅಂಕ, ಹತ್ತನೆಯ ಸ್ಥಾನ.

ಆದರೆ ಮರುವರ್ಷ ತಿದ್ದುಪಡಿಯಾಯಿತು. ಗೆರಾರ್ಡ್ ಜರಗೊಜಾ ಅವರ ಹೊಣೆಯಲ್ಲಿ, ತಂಡದ ಹಳೆಯ ಪರಿಚಿತ ರಾಹುಲ್ ಭೇಕೆ ಮರಳಿದರು. ಭಾರತದ ಲೀಗಿನ ಅನುಭವವುಳ್ಳ ನೊಗುವೆರಾ ಮತ್ತು ಪೆರೇರಾ ದಿಯಾಸ್ ಬಂದರು. ಋತುವಿನ ಆರಂಭದ ಪಂದ್ಯದಲ್ಲಿ, 2024ರ ಸೆಪ್ಟೆಂಬರ್ 14ರಂದು, ಈಸ್ಟ್ ಬೆಂಗಾಲಿನ ವಿರುದ್ಧ ಗೆಲುವಿನ ಏಕೈಕ ಗೋಲು ಹೊಡೆದದ್ದು ತಂಡದ ತರಬೇತಿ ಶಾಲೆಯಲ್ಲಿಯೇ ಬೆಳೆದ, ಮೊದಲ ಬಾರಿಗೆ ಲೀಗಿಗೆ ಇಳಿದ 19 ವರ್ಷದ ವಿನೀತ್ ವೆಂಕಟೇಶ್. ನಲವತ್ತು ದಾಟಿದ ಛೇತ್ರಿ ಆ ಋತುವಿನಲ್ಲಿ 14 ಗೋಲು ಹೊಡೆದರು. ತಂಡವು ಮೂರನೆಯ ಸ್ಥಾನ ಪಡೆದು, 2025ರ ಏಪ್ರಿಲ್ 12ರಂದು ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನಿಗೆ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಮಣಿಯಿತು. ಹಳೆಬೇರು ಹೊಸಚಿಗುರುಗಳು ಕೂಡಿದಾಗ ಮರಕ್ಕೆ ಯಾವ ಕಳೆ ಬರುವುದೆಂಬುದಕ್ಕೆ ಇದು ಸಾಕ್ಷಿ. 2022 ಮತ್ತು 2023ರಲ್ಲಿ ಕಿರಿಯರ ಡೆವಲಪ್‌ಮೆಂಟ್ ಲೀಗನ್ನು ಎರಡು ಬಾರಿ ಗೆದ್ದ ಎಳೆಯರ ಪಡೆಯೇ ಈ ಚಿಗುರಿನ ಮೂಲ.

ಪೀಠದ ಮೇಲೆ ಕುಳಿತವನು

ಮನ್ನಣೆ ದೊರೆಯದವನಿಗೆ ಮನ್ನಣೆ ಕೊಟ್ಟರೆ ಹೋರಾಡುವನು, ಅವಮಾನಗೊಂಡವನು ಒಳಗೆ ಕೋಪವನ್ನಿಟ್ಟುಕೊಂಡಿರುವುದರಿಂದ ಹೋರಾಡನು ಎಂಬ ವಿವೇಕವು ಬದಲಿ ಆಟಗಾರನ ವಿಷಯದಲ್ಲಿ ಅಕ್ಷರಶಃ ಸತ್ಯ. ಭೀಷ್ಮನಿಂದ ಅರ್ಧರಥನೆನಿಸಿಕೊಂಡು ಮನನೊಂದ ಕರ್ಣನು ಹತ್ತು ದಿನ ಶಸ್ತ್ರ ಹಿಡಿಯಲಿಲ್ಲ. ಕೌರವನ ಬಳಿ ಬಲವಿತ್ತು, ಅದು ಕಣದಲ್ಲಿರಲಿಲ್ಲ.

2016ರ ನವೆಂಬರ್ 5ರಂದು ದೋಹಾದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಆಡಿದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರಿನದು. ಆ ದಿನ ನಿಯತ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಶಿಸ್ತುನಿಯಮದಿಂದಾಗಿ ಆಡುವಂತಿರಲಿಲ್ಲ. ಇರಾಕಿನ ವಾಯುಪಡೆಯ ತಂಡದ ವಿರುದ್ಧ ಗೋಲಿನ ಬಾಗಿಲು ಕಾಯುವ ಭಾರ ಬದಲಿ ಗೋಲ್‌ಕೀಪರ್ ರಾಲ್ಟೆಯವರ ಹೆಗಲಿಗೆ ಬಂದಿತು. 71ನೆಯ ನಿಮಿಷದ ಒಂದು ಗೋಲಿನಿಂದ ತಂಡ ಸೋತಿತು. ಎರಡನೆಯವನಿಗೂ ಋತುವಿನುದ್ದಕ್ಕೂ ಆಟದ ಅಭ್ಯಾಸ ಬೇಕೇಕೆ ಎಂದು ಕೇಳುವವರಿಗೆ ಆ ಒಂದು ಸಂಜೆಯ ಭಾರವನ್ನು ನೆನೆಯುವುದೇ ಉತ್ತರ.

2023ರ ಮಾರ್ಚ್ 18ರಂದು ಗೋವಾದಲ್ಲಿ ಎ.ಟಿ.ಕೆ. ಮೋಹನ್ ಬಾಗಾನಿನ ವಿರುದ್ಧದ ಅಂತಿಮ ಪಂದ್ಯವು ಆರಂಭವಾದ ಕೆಲವೇ ನಿಮಿಷಗಳಲ್ಲಿ ಎಳೆಯ ಮುಂಪಡೆಯಾಳು ಶಿವಶಕ್ತಿ ನಾರಾಯಣನ್ ಗಾಯಗೊಂಡು ಹೊರನಡೆದರು. ಅಂದು ಪೀಠದ ಮೇಲೆ ಕುಳಿತಿದ್ದವರು ಸ್ವತಃ ಸುನಿಲ್ ಛೇತ್ರಿ. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದವರು ಕಿರಿಯನಿಗೆ ಸ್ಥಾನ ಬಿಟ್ಟು ಕಾದಿದ್ದರು. ಕರೆ ಬಂದಾಗ ಇಳಿದರು, ಮೊದಲರ್ಧದ ಕೊನೆಗೆ ಪೆನಾಲ್ಟಿಯಿಂದ ಸಮಬಲದ ಗೋಲನ್ನೂ ಹೊಡೆದರು. 2-2ರಲ್ಲಿ ನಿಂತ ಪಂದ್ಯವನ್ನು ತಂಡವು ಪೆನಾಲ್ಟಿಗಳಲ್ಲಿ ಕಳೆದುಕೊಂಡಿತು. ಸೋಲಿನ ದಿನವೇ ಆದರೂ, ಕುಳಿತು ಕಾಯುವುದೂ ಕಾಯಕವೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ದುರ್ಲಭ.

ವೇತನವಿಲ್ಲದ ಬಲದ ಮಾತೂ ಇಲ್ಲಿ ಅಪ್ರಸ್ತುತವಲ್ಲ. 2025ರಲ್ಲಿ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ, ಆಗಸ್ಟಿನಲ್ಲಿ ಬೆಂಗಳೂರು ತಂಡವು ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿದುದಾಗಿ ಪ್ರಕಟಿಸಿತು. ಪಂದ್ಯಾವಳಿಯ ದಿನಾಂಕವೇ ಗೊತ್ತಿಲ್ಲದಿದ್ದಲ್ಲಿ ಎಷ್ಟೇ ಜಾಣ ಯೋಜಕನಾದರೂ ಯಾವುದನ್ನು ಯೋಜಿಸಬಲ್ಲ?

ಎರಡು ಸಾವುಗಳು

ಅಂಕಗಳ ಲೆಕ್ಕಕ್ಕೆ ಮೀರಿದ ಒಂದು ವಿಷಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ. ಡೆಂಪೊ ತಂಡದ ಬ್ರೆಜಿಲ್ ಮೂಲದ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲನ್ನು ಹೊಡೆದ ಕ್ಷಣದಲ್ಲಿಯೇ ಎದುರಾಳಿ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಕುಸಿದರು, ಮತ್ತೆ ಏಳಲಿಲ್ಲ. ಮೈದಾನದಲ್ಲಿ ವೈದ್ಯಕೀಯ ಸಿದ್ಧತೆ ಹೇಗಿರಬೇಕೆಂಬ ಚರ್ಚೆ ದೇಶದಾದ್ಯಂತ ಎದ್ದಿತು. ಆದರೂ 2012ರ ಮಾರ್ಚಿನಲ್ಲಿ ಅದೇ ನಗರದ ಜಿಲ್ಲಾ ಲೀಗಿನ ಪಂದ್ಯವೊಂದರಲ್ಲಿ ಯುವ ಆಟಗಾರನೊಬ್ಬ ಕುಸಿದಾಗ ಆಂಬುಲೆನ್ಸ್ ಇರಲಿಲ್ಲ. ಆಟೋರಿಕ್ಷಾದಲ್ಲಿ ಒಯ್ಯಲಾಯಿತು, ಆತನೂ ಬದುಕಲಿಲ್ಲ.

ರಾಜಧಾನಿಯ ನಡುವೆಯೇ ಹೀಗಾದರೆ, ಆಸ್ಪತ್ರೆಗೆ ಹಲವು ಮೈಲಿ ದೂರವಿರುವ ಗ್ರಾಮಶಾಲೆಯ ಬಯಲಿನಲ್ಲಿ ಮಗುವೊಂದು ಬಿದ್ದರೆ ಗತಿಯೇನು? ಈ ಲೇಖನದ ಉದ್ದೇಶವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಶಾಲೆಗಳಿಗೆ ಪಾಠ

ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳು ಕೋಟಿಗಟ್ಟಲೆ ವ್ಯಯಿಸುವ ತಂಡಗಳಲ್ಲ. ಆದರೆ ಮೇಲೆ ಕಂಡ ತತ್ತ್ವಗಳಲ್ಲಿ ಹೆಚ್ಚಿನವುಗಳ ಆಚರಣೆಗೆ ಹಣಕ್ಕಿಂತ ಗಮನವೇ ಮುಖ್ಯ.

ಮೊದಲನೆಯದು ಪೂರ್ವಾಭ್ಯಾಸ. ಫಿಫಾ ಸಂಸ್ಥೆಯ ವೈದ್ಯರು ರೂಪಿಸಿದ '11+' ಎಂಬ ಕ್ರಮದಲ್ಲಿ ಓಟ, ಸಮತೋಲನ, ಸ್ನಾಯುಬಲ, ಜಿಗಿತಗಳ 15 ವ್ಯಾಯಾಮಗಳಿವೆ. ಸುಮಾರು 20 ನಿಮಿಷ ಸಾಕು, ಉಪಕರಣವೆಂದರೆ ಚೆಂಡೊಂದೇ. ಇದನ್ನು ನಿಯಮದಿಂದ ಆಚರಿಸಿದ ಕಿರಿಯರ ತಂಡಗಳಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿದುದು ಅಧ್ಯಯನಗಳಿಂದ ತಿಳಿದುಬಂದಿದೆ. ಮೊಣಕಾಲೂರಿ ಕುಳಿತು, ಜೊತೆಗಾರನು ಹಿಮ್ಮಡಿಗಳನ್ನು ಹಿಡಿದಿರಲು, ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವ ವ್ಯಾಯಾಮವೊಂದರಿಂದಲೇ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಅರ್ಧದಷ್ಟು ಇಳಿಯುತ್ತವೆ.

ಎರಡನೆಯದು ಎಲ್ಲರಿಗೂ ಆಟ. ಅಂತರಶಾಲಾ ಪಂದ್ಯಾವಳಿ ಬಂದಿತೆಂದರೆ ಅದೇ ಹನ್ನೊಂದು ಹುಡುಗರನ್ನು ಬೆಳಗಿನಿಂದ ಸಂಜೆಯವರೆಗೆ ಮೂರು ಪಂದ್ಯಗಳಲ್ಲಿ ದುಡಿಸುವುದು ಹಲವೆಡೆ ಇರುವ ಪದ್ಧತಿ. ಹಿಪ್ಪುನೇರಳೆಯ ರೈತನು ಇಡೀ ತೋಟವನ್ನು ಒಂದೇ ದಿನ ಕಟಾವು ಮಾಡುವುದಿಲ್ಲ. ತಾಕುಗಳನ್ನಾಗಿ ಮಾಡಿ ಸರದಿಯ ಮೇಲೆ ಕೊಯ್ಯುತ್ತಾನೆ. ಹದಿನೆಂಟು ಇಪ್ಪತ್ತು ಮಕ್ಕಳನ್ನು ಸಿದ್ಧಪಡಿಸಿ, ಒಂದೊಂದು ಸ್ಥಾನಕ್ಕೂ ಇಬ್ಬರನ್ನು ಬೆಳೆಸಿ, ಇಬ್ಬರಿಗೂ ಅವಕಾಶ ಕೊಡುವುದೇ ಶಾಲೆಯ ಬಲಯೋಜನೆ. ಪಂಕ್ತಿಭೇದವಿಲ್ಲದ ದಾಸೋಹವನ್ನು ನಡೆಸುವ ಸಂಸ್ಥೆಗೆ ಆಟದ ಬಯಲಿನಲ್ಲಿ ಪಂಕ್ತಿಭೇದ ಶೋಭಿಸದು.

ಮೂರನೆಯದು, ನೋವನ್ನು ಹೇಳುವ ಧೈರ್ಯ. ಕುಂಟುತ್ತಲೇ ಆಡಿದ ಬಾಲಕನನ್ನು ವೀರನೆಂದು ಹೊಗಳುವ ವಾಡಿಕೆಯನ್ನು ಶಿಕ್ಷಕರು ಕೈಬಿಡಬೇಕು. ಆ ಹೊಗಳಿಕೆಯ ಆಸೆಗೆ ಮಕ್ಕಳು ನೋವನ್ನು ನುಂಗುತ್ತಾರೆ. ಹದಿನಾಲ್ಕರ ಹರೆಯದಲ್ಲಿ ಕೆಟ್ಟ ಮೊಣಕಾಲು ನಲವತ್ತರಲ್ಲಿ ಹೊಲದ ಬದುವನ್ನು ಹತ್ತಲು ಬಿಡದು. ತಲೆಗೆ ಪೆಟ್ಟುಬಿದ್ದು ಮಂಕಾದ, ತಲೆಸುತ್ತು ಬಂದ ಮಗುವನ್ನು ಆ ಕೂಡಲೆ ಹೊರಗೆ ಕರೆಯಬೇಕು. ಚೇತರಿಸಿದಂತೆ ಕಂಡರೂ ಆ ದಿನ ಮತ್ತೆ ಆಡಿಸಕೂಡದು, ವೈದ್ಯರಿಗೆ ತೋರಿಸಬೇಕು.

ನಾಲ್ಕನೆಯದು ಸಿದ್ಧತೆ. ಪ್ರತಿ ಪಂದ್ಯದ ವೇಳೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬಟ್ಟೆಯಲ್ಲಿ ಸುತ್ತಿ ಒತ್ತಲು ಮಂಜುಗಡ್ಡೆ, ಹಲಗೆ, ಪಟ್ಟಿ ಇರಬೇಕು. 108ಕ್ಕೆ ಕರೆಮಾಡುವ ಹೊಣೆ ಯಾರದೆಂದು ಮೊದಲೇ ಗೊತ್ತಾಗಿರಬೇಕು. ಒಂದು ವಾಹನ ಬಯಲಿನಂಚಿನಲ್ಲಿ ನಿಂತಿರಬೇಕು. ಹೃದಯ ನಿಂತವನ ಎದೆಯನ್ನು ಒತ್ತಿ ಜೀವ ಉಳಿಸುವ ವಿಧಾನವನ್ನು ಕನಿಷ್ಠ ಇಬ್ಬರು ಶಿಕ್ಷಕರಾದರೂ ಕಲಿತಿರಬೇಕು.

ಉಪಸಂಹಾರ

ದಾನಿಗಳು ಶಾಲೆಗಳಿಗೆ ಪಾರಿತೋಷಕಗಳನ್ನೂ ಫಲಕಗಳನ್ನೂ ಕೊಡುತ್ತ ಬಂದಿದ್ದಾರೆ. ಅವು ಗೆದ್ದವರ ಕೈಸೇರುತ್ತವೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಿನುಗುತ್ತವೆ. ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಾಗಲಿ, ಶಿಕ್ಷಕರಿಬ್ಬರ ತರಬೇತಿಯಾಗಲಿ ಕಪಾಟಿನಲ್ಲಿ ಮಿನುಗುವುದಿಲ್ಲ. ಆದರೆ ಸೋತವರ ಮಕ್ಕಳಿಗೂ ಗೆದ್ದವರ ಮಕ್ಕಳಿಗೂ ಸಮನಾಗಿ ಸಲ್ಲುವ ದಾಸೋಹ ಅದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ದೈಹಿಕ ಶಿಕ್ಷಣದಲ್ಲಿ ಪರಿಣತರಿದ್ದಾರೆ. ಅವರು ವರ್ಷಕ್ಕೆ ಒಂದು ದಿನವನ್ನು ಹಳೆಯ ಬಯಲಿಗೆ ಕೊಟ್ಟರೂ ಸಾಕು.

ಕೌಟಿಲ್ಯನು ಬಲದ ಕೇಡುಗಳನ್ನು ಎಣಿಸಿದುದು ರಾಜ್ಯವನ್ನು ಗೆಲ್ಲುವುದಕ್ಕಾಗಿ. ಶರಣರು ದೇಹವನ್ನು ದೇಗುಲವೆಂದು ಬಗೆದುದು ಬಾಳನ್ನು ಗೆಲ್ಲುವುದಕ್ಕಾಗಿ. ಬೆಂಗಳೂರಿನ ತಂಡವೊಂದರ ಋತುಗಳು ಮೊದಲನೆಯದಕ್ಕೆ ನಿದರ್ಶನವಾಗಿವೆ. ಎರಡನೆಯದಕ್ಕೆ ನಿದರ್ಶನವಾಗಬೇಕಾದವು, ಸಂಜೆಯ ಗಂಟೆ ಹೊಡೆದ ಮೇಲೆ ಅಕ್ಕೂರಿನಂತಹ ಊರುಗಳ ಬಯಲಿನಿಂದ ಮೈತುಂಬ ಧೂಳು ಹೊತ್ತು, ಕೈಕಾಲು ಗಟ್ಟಿಯಾಗಿ, ನಗುತ್ತ ಮನೆ ಸೇರುವ ಮಕ್ಕಳು.